ತೊಗಲಿನಿಂದ ಮೈಕ್ರೋಮೀಟರಿನವರೆಗೆ: ಅಳತೆ ಯಾರ ಕೈಯಲ್ಲಿದೆ?

1

ಇಂಜಿನ್ನು ಅಂದರೆ ಕಬ್ಬಿಣ ಅಂತ ನಾವೆಲ್ಲ ತಿಳಿದಿದ್ದೇವೆ. ಕಬ್ಬಿಣಕ್ಕಿಂತ ಮುಖ್ಯವಾದದ್ದು ಅದರೊಳಗಿನ ತೂತು. ಆ ದುಂಡನೆಯ ತೂತಿಗೆ ಸಿಲಿಂಡರ್ ಅನ್ನುತ್ತಾರೆ. ಅದರೊಳಗೆ ಮೇಲಕ್ಕೂ ಕೆಳಕ್ಕೂ ಓಡಾಡುವ ಲೋಹದ ಬಿರಡೆಗೆ ಪಿಸ್ಟನ್ ಅನ್ನುತ್ತಾರೆ. ತೂತಿಗೂ ಬಿರಡೆಗೂ ನಡುವಿನ ಸಂದಿನಲ್ಲಿ ಇಂಜಿನ್ನಿನ ಪ್ರಾಣವಿದೆ. ಸಂದು ಹೆಚ್ಚಾದರೆ ಉರಿದ ಗಾಳಿಯ ಒತ್ತಡ ಕೆಳಕ್ಕೆ ಸೋರುತ್ತದೆ, ಕೆಳಗಿನ ಆಯಿಲ್ ಮೇಲಕ್ಕೆ ಹತ್ತಿ ಉರಿಯುತ್ತದೆ, ಗಾಡಿ ಹೊಗೆ ಹಾಕುತ್ತದೆ. ಸಂದು ಕಡಿಮೆಯಾದರೆ ಕಾವಿಗೆ ಪಿಸ್ಟನ್ ಉಬ್ಬಿ ಗೋಡೆಗೆ ಕಚ್ಚಿಕೊಳ್ಳುತ್ತದೆ. ಮೆಕ್ಯಾನಿಕ್ಕುಗಳು ಅದಕ್ಕೆ 'ಸೀಜ್ ಆಯ್ತು' ಅನ್ನುತ್ತಾರೆ.

ಇಂಜಿನ್ನುಗಳ ಚರಿತ್ರೆ ಬರೆದವರು ಕಂಡುಹಿಡಿದವನ ಹೆಸರು ಬರೆದರು, ಬಂಡವಾಳ ಹಾಕಿದವನ ಹೆಸರು ಬರೆದರು, ಪೇಟೆಂಟಿನ ತಾರೀಖು ಬರೆದರು. ನಾವಿಲ್ಲಿ ಆ ಸಂದಿನ ಚರಿತ್ರೆಯನ್ನು ನೋಡಬೇಕೆಂದಿದ್ದೇವೆ. ಗೆಳೆಯರು ನಗಬಹುದು. ಸಂದಿಗೂ ಒಂದು ಚರಿತ್ರೆ ಉಂಟೇನ್ರಯ್ಯಾ ಅನ್ನಬಹುದು. ಉಂಟು. ಯಾಕೆಂದರೆ ಆ ಸಂದನ್ನು ಮೊಟ್ಟಮೊದಲು ಮುಚ್ಚಿದ್ದು ತೊಗಲು.

1712ರಲ್ಲಿ ಇಂಗ್ಲೆಂಡಿನ ಡಡ್ಲಿ ಕೋಟೆಯ ಹತ್ತಿರದ ಕಲ್ಲಿದ್ದಲ ಗಣಿಯಲ್ಲಿ ಥಾಮಸ್ ನ್ಯೂಕೊಮೆನ್ ಎಂಬ ಕಬ್ಬಿಣದ ಸಾಮಾನಿನ ವ್ಯಾಪಾರಿ ಒಂದು ಉಗಿಯಂತ್ರ ನಿಲ್ಲಿಸಿದ. ಗಣಿಯ ತಳದ ನೀರೆತ್ತುವುದು ಅದರ ಕೆಲಸ. ಆ ಕಾಲದ ಕೆಲಸಗಾರರಿಗೆ ದೊಡ್ಡ ಸಿಲಿಂಡರನ್ನು ಸರಿಯಾಗಿ ದುಂಡಗೆ ಕೊರೆಯಲು ಸಾಧನವಿರಲಿಲ್ಲ. ಹೀಗಾಗಿ ಪಿಸ್ಟನ್ನಿನ ಮೇಲೆ ತೊಗಲಿನ ಬಿಲ್ಲೆ ಕೂರಿಸಿ, ಅದರ ಮೇಲೆ ಒಂದಿಷ್ಟು ನೀರು ನಿಲ್ಲಿಸಿದರು. ನೆಂದ ತೊಗಲು ಮೆತ್ತಗಾಗಿ, ಓರೆಕೋರೆ ಗೋಡೆಗೆ ಒತ್ತಿಕೊಂಡು ಸಂದನ್ನು ಮುಚ್ಚಿತು. ಕಬ್ಬಿಣದ ಕೈಯಲ್ಲಿ ಆಗದ ಕೆಲಸವನ್ನು ಸತ್ತ ದನದ ಚರ್ಮ ಮಾಡಿಕೊಟ್ಟಿತು. ಪ್ರಪಂಚವನ್ನೇ ಬದಲಿಸಿತು ಅಂತ ಪಠ್ಯಪುಸ್ತಕಗಳು ಹೊಗಳುವ ಕೈಗಾರಿಕಾ ಕ್ರಾಂತಿ ಶುರುವಾಗುವಾಗ ಅದರ ಬುಡದಲ್ಲಿ ಒಂದು ತೊಗಲಿನ ತುಂಡಿತ್ತು.

ನಮ್ಮ ಬಯಲುಸೀಮೆಯಲ್ಲಿ ನೀರೆತ್ತುತ್ತಿದ್ದದ್ದು ಕಪಿಲೆ. ಎರಡು ಎತ್ತು, ಇಳಿಜಾರಿನ ದಾರಿ, ಮಿಣಿಹಗ್ಗ, ಬಾವಿಗಿಳಿಯುವ ತೊಗಲ ಚೀಲ. ಆ ತೊಗಲನ್ನು ಸುಣ್ಣದಲ್ಲಿ ನೆನೆಹಾಕಿ, ತಂಗಡಿ ಚಕ್ಕೆಯ ರಸದಲ್ಲಿ ಹದ ಮಾಡಿ, ರಂಪಿಗೆಯಲ್ಲಿ ಕೊಯ್ದು, ನೀರು ಸೋರದಂತೆ ಹೊಲಿದುಕೊಟ್ಟವರು ನಮ್ಮ ಕೇರಿಗಳ ಹಿರಿಯರು. ಸೋರದಂತೆ ಹೊಲಿಯುವುದು ಅಂದರೆ ಏನು? ಸಂದನ್ನು ಅರಿಯುವುದು. ತೊಗಲು ಒಣಗಿದಾಗ ಎಷ್ಟು ಕುಗ್ಗುತ್ತದೆ, ನೆಂದಾಗ ಎಷ್ಟು ಹಿಗ್ಗುತ್ತದೆ ಅಂತ ಬೆರಳ ತುದಿಯಲ್ಲಿ ಲೆಕ್ಕ ಇಟ್ಟಿರುವುದು. ಅದು ಇಂಜಿನಿಯರಿಂಗ್ ಅಲ್ಲದೆ ಮತ್ತೇನು? ಆದರೆ ತೊಗಲು ಸೇದಿದ ನೀರು ಕಬ್ಬಿಗೆ, ಭತ್ತಕ್ಕೆ, ಎಲೆತೋಟಕ್ಕೆ ಮೈಲಿಗೆಯಾಗಲಿಲ್ಲ. ತೊಗಲು ಹೊಲಿದ ಕೈ ಬಾವಿಗೆ ತಾಗಿದರೆ ಮಾತ್ರ ಮೈಲಿಗೆಯಾಯಿತು.

ಆಮೇಲೆ ಡೀಸೆಲ್ ಇಂಜಿನ್ನು, ಕರೆಂಟಿನ ಪಂಪ್‌ಸೆಟ್ಟು ಬಂದವು. ಕಪಿಲೆ ಮೂಲೆ ಸೇರಿತು. ನಾವು ಕಪಿಲೆಗಾಗಿ ಅಳುತ್ತಿಲ್ಲ. ಅದು ಹೋಗಬೇಕಾದದ್ದೇ. ನಮ್ಮ ಪ್ರಶ್ನೆ ಬೇರೆ. ಸೋರದ ಚೀಲ ಹೊಲಿಯುತ್ತಿದ್ದವನನ್ನು, ಬಾರಪ್ಪಾ, ಈ ಇಂಜಿನ್ನಿನ ಸಂದನ್ನೂ ನೀನೇ ನೋಡಿಕೋ ಅಂತ ಯಾರು ಕರೆದರು? ಹಳೆಯ ಕೆಲಸ ಹೋಯಿತು, ಹೊಸ ಕೆಲಸದ ಬಾಗಿಲಿಗೆ ಬೀಗ ಬಿದ್ದಿತ್ತು.

2

ತೊಗಲಿನ ಕಾಲ ಮುಗಿದದ್ದು ಹೇಗೆ ಅನ್ನುವುದನ್ನು ನೋಡೋಣ.

ಜೇಮ್ಸ್ ವಾಟ್ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಉಪಕರಣ ರಿಪೇರಿ ಮಾಡಿಕೊಂಡಿದ್ದವನು. 1763ರಲ್ಲಿ ನ್ಯೂಕೊಮೆನ್ ಯಂತ್ರದ ಒಂದು ಚಿಕ್ಕ ಮಾದರಿ ರಿಪೇರಿಗೆ ಅಂತ ಅವನ ಕೈಗೆ ಬಂತು. ಪ್ರತಿ ಏಟಿಗೂ ಸಿಲಿಂಡರನ್ನು ಕಾಯಿಸಿ ತಣಿಸಿ, ಕಾಯಿಸಿ ತಣಿಸಿ, ಉಗಿಯೆಲ್ಲ ದಂಡವಾಗುತ್ತಿರುವುದನ್ನು ಅವನು ಕಂಡ. 1765ರಲ್ಲಿ ಉಗಿಯನ್ನು ಬೇರೆಯೇ ಪಾತ್ರೆಯಲ್ಲಿ ತಣಿಸುವ ಉಪಾಯ ಹೊಳೆಯಿತು. 1769ರಲ್ಲಿ ಪೇಟೆಂಟ್ ಸಿಕ್ಕಿತು. ಆದರೂ ಇಂಜಿನ್ನು ವರ್ಷಗಟ್ಟಲೆ ಸರಿಯಾಗಿ ನಡೆಯಲಿಲ್ಲ. ಕಾರಣ ಅದೇ ಸಂದು. ಹೊಸ ಯಂತ್ರದಲ್ಲಿ ಸಿಲಿಂಡರ್ ಸದಾ ಬಿಸಿಯಾಗಿರಬೇಕು, ಪಿಸ್ಟನ್ ಮೇಲೆ ನೀರು ನಿಲ್ಲಿಸುವಂತಿಲ್ಲ. ವಾಟ್ ಎಣ್ಣೆ ಬಟ್ಟೆ ತುರುಕಿದ, ಹಳೆಯ ಟೋಪಿಗಳನ್ನು ತುರುಕಿದ, ಕಾಗದ ತುರುಕಿದ. ಉಗಿ ಸೋರುತ್ತಲೇ ಇತ್ತು. ಬುದ್ಧಿ ಸಿದ್ಧವಿತ್ತು, ದುಂಡಗೆ ಕೊರೆಯುವ ಸಾಧನ ಸಿದ್ಧವಿರಲಿಲ್ಲ.

ಆ ಸಾಧನ ಬಂದದ್ದು ಯುದ್ಧದ ಮನೆಯಿಂದ. ಜಾನ್ ವಿಲ್ಕಿನ್ಸನ್ ಎಂಬ ಕಬ್ಬಿಣದ ಯಜಮಾನ ಫಿರಂಗಿ ಎರಕ ಹೊಯ್ಯಿಸುತ್ತಿದ್ದ. 1774ರಲ್ಲಿ ಅವನು ಫಿರಂಗಿ ಕೊರೆಯುವ ಹೊಸ ವಿಧಾನಕ್ಕೆ ಪೇಟೆಂಟ್ ಪಡೆದ. ಮಾರನೆಯ ವರ್ಷ ವೇಲ್ಸಿನ ಬರ್ಶಾಮ್‌ನಲ್ಲಿದ್ದ ಅವನ ಕಾರ್ಖಾನೆಯಲ್ಲಿ ಸಿಲಿಂಡರ್ ಕೊರೆಯುವ ಯಂತ್ರ ಸಿದ್ಧವಾಯಿತು. ಅಲ್ಲಿಯವರೆಗೆ ಕೊರೆಯುವ ಸರಳಿಗೆ ಒಂದೇ ತುದಿಯಲ್ಲಿ ಆಸರೆ ಇರುತ್ತಿತ್ತು. ಇನ್ನೊಂದು ತುದಿ ಜೋತುಬಿದ್ದು, ಎರಕದ ಡೊಂಕು ಎಲ್ಲಿದೆಯೋ ಅಲ್ಲೇ ಹರಿಯುತ್ತಿತ್ತು. ಹೊಸ ಯಂತ್ರದಲ್ಲಿ ಸರಳು ಸಿಲಿಂಡರಿನ ಈ ಬಾಯಿಂದ ಆ ಬಾಯಿಗೆ ಹಾದುಹೋಗಿ ಎರಡೂ ತುದಿಯಲ್ಲಿ ಆಸರೆ ಪಡೆಯಿತು. ಇಷ್ಟೇ ಬದಲಾವಣೆ. ವಾಟನ ಪಾಲುದಾರ ಮ್ಯಾಥ್ಯೂ ಬೋಲ್ಟನ್ 1776ರಲ್ಲಿ ಬರೆದದ್ದನ್ನು ನೋಡಿದರೆ, 50 ಇಂಚು ಅಗಲದ ಸಿಲಿಂಡರಿನಲ್ಲಿ ಎಲ್ಲಿ ಹಿಡಿದರೂ ತಪ್ಪು ಒಂದು ಹಳೆಯ ಶಿಲಿಂಗ್ ನಾಣ್ಯದ ದಪ್ಪಕ್ಕಿಂತ ಹೆಚ್ಚಿರಲಿಲ್ಲ. ಅಂದಿಗೆ ಅದು ಮಹಾ ಸಾಧನೆ.

ಆ ಸರಳಿನ ಮುಂದೆ ಹಗಲು ರಾತ್ರಿ ನಿಂತು ಕಬ್ಬಿಣದ ಪುಡಿ ಉಸಿರಾಡಿದವರು ಯಾರು? ನಾವು ಓದಿದ ಯಾವ ಪುಸ್ತಕದಲ್ಲೂ ಅವರ ಹೆಸರಿಲ್ಲ. ವಿಲ್ಕಿನ್ಸನ್ ಕೊರೆದ, ವಾಟ್ ಕಟ್ಟಿದ ಅಂತಲೇ ಬರೆದಿದ್ದಾರೆ. ಕೆರೆ ಕಟ್ಟಿಸಿದ ಅರಸನ ಹೆಸರು ಕಲ್ಲಿನ ಮೇಲೆ, ಮಣ್ಣು ಹೊತ್ತವರ ಹೆಸರು ಮಣ್ಣಿನ ಕೆಳಗೆ. ಆ ದೇಶವೂ ಅಷ್ಟೆ, ಈ ದೇಶವೂ ಅಷ್ಟೆ.

ಬೋಲ್ಟನ್ ಮತ್ತು ವಾಟ್ ಇಂಜಿನ್ನಿನ ಬಾಬತ್ತು ಹಣ ವಸೂಲಿ ಮಾಡಿದ ರೀತಿಯೊಂದನ್ನು ಓದುಗರು ಗಮನಿಸಬೇಕು. ಹಳೆಯ ಯಂತ್ರಕ್ಕಿಂತ ಹೊಸದು ಎಷ್ಟು ಕಲ್ಲಿದ್ದಲು ಉಳಿಸುತ್ತದೋ ಅದರ ಬೆಲೆಯ ಮೂರನೇ ಒಂದು ಭಾಗ ಅವರಿಗೆ ಸಲ್ಲಬೇಕು. ಉಳಿತಾಯ ಲೆಕ್ಕ ಹಾಕಲು ಇಂಜಿನ್ನು ಎಷ್ಟು ಏಟು ಹೊಡೆಯಿತು ಅಂತ ಎಣಿಸುವ ಒಂದು ಸಾಧನವನ್ನು ಅದರ ತೊಲೆಗೆ ಕಟ್ಟಿದರು. ಆ ಸಾಧನ ಪೆಟ್ಟಿಗೆಯೊಳಗಿತ್ತು. ಪೆಟ್ಟಿಗೆಗೆ ಬೀಗವಿತ್ತು. ಬೀಗದ ಕೈ ಕಂಪನಿಯವರ ಹತ್ತಿರವಿತ್ತು. ಇಂಜಿನ್ನು ಓಡಿಸುವವನು ಅದನ್ನು ತೆರೆದು ನೋಡುವಂತಿರಲಿಲ್ಲ. ಕಾರ್ನ್‌ವಾಲಿನ ಗಣಿಯವರು ಈ ವಸೂಲಿಯ ವಿರುದ್ಧ ವರ್ಷಗಟ್ಟಲೆ ಗೊಣಗಿದರು, ಜಗಳಾಡಿದರು. ಅಂದರೆ ಇಂಜಿನ್ನು ಹುಟ್ಟಿದಾಗಿನಿಂದಲೂ ಅದರ ಜತೆಗೇ ಒಂದು ಬೀಗ ಹುಟ್ಟಿದೆ. ಆ ಬೀಗ ಹಾಕಿರುವುದು ಯಂತ್ರಕ್ಕಲ್ಲ, ಅಳತೆಗೆ.

3

ಮುಂದಿನ ತಲೆಮಾರಿನ ಹೆನ್ರಿ ಮಾಡ್ಸ್ಲೆ ಕೆಲಸಗಾರನ ಮಗ. 12ನೇ ವಯಸ್ಸಿಗೇ ವುಲಿಚ್‌ನ ಶಸ್ತ್ರಾಗಾರದಲ್ಲಿ ದುಡಿಯಲು ಹೋದವನು. ಆಮೇಲೆ ಬ್ರಾಮಾ ಎಂಬ ಬೀಗ ತಯಾರಕನ ಹತ್ತಿರ ಕೆಲಸ ಮಾಡಿದ. ವಾರಕ್ಕೆ 30 ಶಿಲಿಂಗ್ ಸಾಲದು, ಹೆಚ್ಚು ಮಾಡಿ ಅಂತ ಕೇಳಿದಾಗ ಆಗುವುದಿಲ್ಲ ಅಂದರು. 1797ರಲ್ಲಿ ಹೊರಬಂದು ಸ್ವಂತ ಅಂಗಡಿ ಹಾಕಿದ. ಇವತ್ತು ನಮ್ಮ ತಾಲ್ಲೂಕು ಪಟ್ಟಣಗಳಲ್ಲಿ ತಿರುಗುವ ಲೇತುಗಳಿಗೆಲ್ಲ ಅವನ ಲೇತು ಹಿರಿಯಜ್ಜ. ಅವನು ತನ್ನ ಕೆಲಸದ ಮೇಜಿನ ಮೇಲೆ ಒಂದು ಸ್ಕ್ರೂ ಅಳತೆಯಂತ್ರ ಇಟ್ಟಿದ್ದ. ಅದಕ್ಕೆ 'ಲಾರ್ಡ್ ಚಾನ್ಸಲರ್' ಅಂತ ಹೆಸರು. ಲಾರ್ಡ್ ಚಾನ್ಸಲರ್ ಅಂದರೆ ಆ ಕಾಲದಲ್ಲಿ ಇಂಗ್ಲೆಂಡಿನ ಅತಿ ಹಿರಿಯ ನ್ಯಾಯಾಧಿಕಾರಿ. ಈ ಚೂರು ದಪ್ಪವೋ ತೆಳುವೋ ಅಂತ ಜಗಳ ಬಂದರೆ ಯಜಮಾನನ ಮಾತೂ ನಡೆಯುವಂತಿಲ್ಲ, ಕೆಲಸಗಾರನ ಮಾತೂ ನಡೆಯುವಂತಿಲ್ಲ. ಆ ಯಂತ್ರದ್ದೇ ಕೊನೆಯ ತೀರ್ಪು. ನಮಗೆ ಈ ಹೆಸರು ಬಹಳ ಹಿಡಿಸಿತು. ಅಳತೆ ಅಂದರೆ ನ್ಯಾಯ ಅಂತ ಒಬ್ಬ ಕೂಲಿಯ ಮಗ ಕಂಡುಕೊಂಡಿದ್ದ.

1848ರಲ್ಲಿ ಫ್ರಾನ್ಸಿನ ಪಾಮರ್ ಎಂಬಾತ ಕೈಯಲ್ಲೇ ಹಿಡಿಯುವ ಮೈಕ್ರೋಮೀಟರಿಗೆ ಪೇಟೆಂಟ್ ಪಡೆದ. ಮೇಜಿನ ಮೇಲಿದ್ದ ನ್ಯಾಯಾಧೀಶ ಜೇಬಿಗೆ ಬಂದ. ಆದರೆ ಯಾರ ಜೇಬಿಗೆ?

ಅಮೆರಿಕದ ಎಲೈಜಾ ಮಕಾಯ್‌ನ ಕಥೆ ಕೇಳಿ. ತಂದೆತಾಯಿ ಕೆಂಟಕಿಯ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಕೆನಡಾ ಸೇರಿದ ಕಪ್ಪು ಜನ. ಮಗ ಸ್ಕಾಟ್‌ಲೆಂಡಿನ ಎಡಿನ್‌ಬರೋದಲ್ಲಿ ಇಂಜಿನಿಯರಿಂಗ್ ಕಲಿತು ಬಂದ. ಕಲಿತು ಬಂದವನಿಗೆ ಮಿಷಿಗನ್ನಿನ ರೈಲು ಕಂಪನಿ ಕೊಟ್ಟ ಕೆಲಸ ಯಾವುದು ಗೊತ್ತೆ? ಬಾಯ್ಲರಿಗೆ ಕಲ್ಲಿದ್ದಲು ಹಾಕುವುದು, ಚಕ್ರಕ್ಕೆ ಎಣ್ಣೆ ಬಿಡುವುದು. ಆ ಎಣ್ಣೆಯ ಡಬ್ಬಿ ಹಿಡಿದುಕೊಂಡೇ ಅವನು, ಉಗಿ ಇಂಜಿನ್ನು ಓಡುತ್ತಿರುವಾಗಲೇ ತಾನಾಗಿ ಎಣ್ಣೆ ಬಿಟ್ಟುಕೊಳ್ಳುವ ಸಾಧನ ಮಾಡಿ 1872ರಲ್ಲಿ ಪೇಟೆಂಟ್ ಪಡೆದ. ಪಿಸ್ಟನ್ ಗೋಡೆಯ ಸಂದಿಗೆ ಎಣ್ಣೆ ಬೇಕು. ಆ ಎಣ್ಣೆ ತಲುಪಿಸುವ ದಾರಿಯನ್ನು, ಇಂಜಿನಿಯರ್ ಕುರ್ಚಿ ಸಿಗದ ಮನುಷ್ಯ ಹುಡುಕಿದ.

ನಮ್ಮಲ್ಲಿ? ಮುಂಬೈಯ ಬಟ್ಟೆ ಗಿರಣಿಗಳಲ್ಲಿ ನೂಲುವ ವಿಭಾಗದಲ್ಲಿ ಅಸ್ಪೃಶ್ಯರಿಗೆ ಕೆಲಸ ಸಿಗುತ್ತಿತ್ತು. ಹೆಚ್ಚು ಕೂಲಿಯ ನೇಯುವ ವಿಭಾಗದ ಬಾಗಿಲು ಮುಚ್ಚಿತ್ತು. ನೇಯುವಾಗ ನೂಲಿಗೆ ಬಾಯಿ ತಾಗಿಸಬೇಕಾಗುತ್ತದೆ, ಅವರ ಎಂಜಲು ನಮಗೆ ಮೈಲಿಗೆ ಅಂತ ಸವರ್ಣ ಕಾರ್ಮಿಕರ ತಕರಾರು. 1928ರ ದೊಡ್ಡ ಮುಷ್ಕರದ ಸಮಯದಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಈ ಪ್ರಶ್ನೆಯನ್ನು ಕಾರ್ಮಿಕ ನಾಯಕರ ಮುಖಕ್ಕೇ ಇಟ್ಟರು. ಯಂತ್ರ ಬಂದರೆ ಜಾತಿ ಹೋಗುತ್ತದೆ ಅಂತ ನಂಬಿದ್ದವರು ಈ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳಬೇಕು. ಯಂತ್ರ ತಾನಾಗಿ ಯಾವ ಜಾತಿಯನ್ನೂ ಓಡಿಸುವುದಿಲ್ಲ. ಜಾತಿಯೇ ಯಂತ್ರದ ಯಾವ ಬದಿಗೆ ಯಾರು ನಿಲ್ಲಬೇಕು ಅಂತ ಗೆರೆ ಎಳೆಯುತ್ತದೆ.

4

ಕನ್ನಡ ನಾಡಿಗೆ ಯಂತ್ರ ಕೊರೆಯುವ ವಿದ್ಯೆ ಬಂದದ್ದು ಹಲವು ದಾರಿಗಳಲ್ಲಿ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪು ಒಂದು ದಾರಿ. 1923ರಲ್ಲಿ ಉತ್ಪಾದನೆ ಶುರುಮಾಡಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಇನ್ನೊಂದು. 1940ರಲ್ಲಿ ಬೆಂಗಳೂರಿಗೆ ವಿಮಾನ ಕಾರ್ಖಾನೆ ಬಂತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಲೇತು ತಯಾರಿಗೆ ಹುಟ್ಟಿಕೊಂಡಿತು. 1953ರಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್, ನಮ್ಮ ಜನರ ಬಾಯಲ್ಲಿ ಎಚ್‌ಎಂಟಿ, ಸ್ಥಾಪನೆಯಾಯಿತು. ಹರಿಹರದ ಆ ಕಾರ್ಖಾನೆ ಬಾಗಿಲು ಮುಚ್ಚಿ ವರ್ಷಗಳೇ ಆದವು. ಆದರೆ ಅದರ ಲೇತುಗಳು ಇನ್ನೂ ನಮ್ಮ ಸಣ್ಣ ಊರುಗಳ ತಗಡಿನ ಶೆಡ್ಡುಗಳಲ್ಲಿ ತಿರುಗುತ್ತಿವೆ.

ಯುದ್ಧಕಾಲದಲ್ಲಿ ಪೆಟ್ರೋಲ್ ಸಿಗದೆ ಬಸ್ಸುಗಳ ಬೆನ್ನಿಗೆ ಇದ್ದಿಲ ಒಲೆ ಕಟ್ಟಿ ಆ ಅನಿಲದಲ್ಲಿ ಓಡಿಸಿದ ಸಂಗತಿ ಹಳಬರಿಗೆ ಗೊತ್ತಿತ್ತು. ಇದ್ದಿಲಿನ ಬೂದಿ ಸಿಲಿಂಡರಿನ ಗೋಡೆಯನ್ನು ಮರಳುಕಾಗದದಂತೆ ತೀಡಿತು. ಸ್ವಾತಂತ್ರ್ಯ ಬಂದ ಮೇಲೆ ಪರದೇಶದ ಗಾಡಿ ತರಿಸುವುದಕ್ಕೆ ಬಿಗಿ ಕಟ್ಟುಪಾಡು ಬಂತು. 1953ರ ಸುಂಕ ಆಯೋಗದ ವರದಿಯ ನಂತರ ಇಲ್ಲಿ ಬಿಡಿಭಾಗ ತಂದು ಗಾಡಿ ಜೋಡಿಸುತ್ತಿದ್ದ ಫೋರ್ಡ್, ಜನರಲ್ ಮೋಟಾರ್ಸ್ ಕಂಪನಿಗಳು ಹೊರಟುಹೋದವು. ಉಳಿದದ್ದು ಅಂಬಾಸಡರ್, ಫಿಯಟ್, ಜೀಪು, ಲಾರಿ, ಟ್ರಾಕ್ಟರು. ಹೊಸ ಗಾಡಿಗೆ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲದಲ್ಲಿ ಹಳೆಯ ಗಾಡಿಯನ್ನೇ ಬದುಕಿಸಬೇಕಿತ್ತು. ಹೀಗೆ ಸಿಲಿಂಡರ್ ಮತ್ತೆ ಕೊರೆಯುವ, ಕ್ರ್ಯಾಂಕು ಸಾಣೆಹಿಡಿಯುವ ಅಂಗಡಿಗಳು ಬೆಂಗಳೂರಿನ ಜೆ.ಸಿ. ರಸ್ತೆ, ಕಲಾಸಿಪಾಳ್ಯದ ಸುತ್ತ ಮಾತ್ರವಲ್ಲ, ಎಲ್ಲ ಜಿಲ್ಲಾ ಕೇಂದ್ರಗಳಲ್ಲೂ ಬೆಳೆದವು. 1950ರಲ್ಲಿ ಶುರುವಾದ ಕುಶಲಕರ್ಮಿ ತರಬೇತಿ ಯೋಜನೆಯಿಂದ ಐಟಿಐಗಳು ಬಂದವು. ಮೀಸಲಾತಿಯ ಬಲದಿಂದ ನಮ್ಮ ಕೇರಿಯ ಮಕ್ಕಳು ಫಿಟ್ಟರ್, ಟರ್ನರ್ ಆದರು. ನಮ್ಮವನ ಕೈಗೆ ಮೈಕ್ರೋಮೀಟರ್ ಸಿಕ್ಕಿದ್ದು ಅಲ್ಲಿ. ಸರ್ಕಾರಿ ತರಗತಿಯ ಮೇಜಿನ ಮೇಲೆ. ಹೊರಗಡೆ ಅಂಗಡಿಯಲ್ಲಿ ಅದು ಸಿಕ್ಕಿತೇ?

5

ಇಲ್ಲಿ ನಮ್ಮ ಮನೆಯ ಒಂದು ಅನುಭವವನ್ನು ಸಾಕ್ಷಿಯಾಗಿ ಇಡುತ್ತೇವೆ. ದೂರು ಹೇಳುವುದಕ್ಕಲ್ಲ. ಚರಿತ್ರೆ ಅನ್ನುವುದು ಇಂಗ್ಲೆಂಡಿನಲ್ಲಿ ಮುಗಿದುಹೋಗಿಲ್ಲ ಅಂತ ತೋರಿಸುವುದಕ್ಕೆ.

ನಮ್ಮಣ್ಣ ಸಾಲ ಮಾಡಿ ಒಂದು ಹಳೆಯ ಡೀಸೆಲ್ ವ್ಯಾನು ಕೊಂಡಿದ್ದ. ಸಂತೆಗೆ ತರಕಾರಿ, ಮದುವೆಗೆ ಜನ, ಆಸ್ಪತ್ರೆಗೆ ಬಸುರಿಯರು ಎಲ್ಲ ಅದರಲ್ಲೇ. ನಾಲ್ಕು ಸಿಲಿಂಡರಿನ ಇಂಜಿನ್ನು 'ಕೆಲಸಕ್ಕೆ ಬಂತು'. ಹೊಗೆ, ಆಯಿಲ್ ಕುಡಿಯುವುದು, ದಿಣ್ಣೆ ಹತ್ತದಿರುವುದು. ನಮ್ಮೂರ ಮೆಕ್ಯಾನಿಕ್ಕು ಬಿಚ್ಚಿ ನೋಡಿ ಬೋರ್ ಹೊಡೆಸಬೇಕು ಅಂದ. ಬ್ಲಾಕನ್ನು ಗೋಣಿಚೀಲದಲ್ಲಿ ಕಟ್ಟಿ ಪಟ್ಟಣದ ಒಂದು ಬೋರಿಂಗ್ ಅಂಗಡಿಗೆ ಹೊತ್ತೆವು.

ಯಜಮಾನರು 'ಬನ್ನಿ, ಕೂತ್ಕಳಿ' ಅಂದರು. ಯಾವೂರು ಅಂತ ಕೇಳಿದರು, ಹೇಳಿದೆವು. ಊರಲ್ಲಿ ಯಾವ ಕಡೆ ಮನೆ ಅಂತ ಕೇಳಿದರು, ಅದನ್ನೂ ಹೇಳಿದೆವು. ಆಮೇಲೆ 'ಬನ್ನಿ' ಹೋಗಿ 'ಬಾ' ಆಯಿತು. ಮೂರು ದಿನ ಅಂದದ್ದು ಮೂರು ವಾರವಾಯಿತು. ಅಷ್ಟು ದಿನ ವ್ಯಾನು ನಿಂತಿತು, ಸಾಲದ ಕಂತು ನಿಲ್ಲಲಿಲ್ಲ. ಒಂದು ದಿನ ಹೋದಾಗ ಬೋರ್ ಹೊಡೆದಾಗಿತ್ತು. 50 ಸೈಜು ಹೊಡೆದಿದ್ದೀವಿ, ಪಿಸ್ಟನ್ ತಂದು ಹಾಕ್ಕಳಿ ಅಂತ ನಮ್ಮ ಮೆಕ್ಯಾನಿಕ್ಕಿಗೆ ಹೇಳಿದರು. ಅಂದರೆ ಹಳೆಯ ಅಳತೆಗಿಂತ ಅರ್ಧ ಮಿಲಿಮೀಟರ್ ದೊಡ್ಡದು. ಬಿಲ್ಲಿನಲ್ಲಿ ಒಟ್ಟು ಹಣ ಇತ್ತು. ಅಳತೆ ಅಂತ ಒಂದಂಕಿಯೂ ಇರಲಿಲ್ಲ.

ಮಿಷನ್ನಿನ ಮುಂದೆ ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ನಿಂತಿದ್ದ. ಕೈತುಂಬ ಕರಿ. ಏನಪ್ಪಾ, ಗೇಜು ಹಾಕಿ ನೋಡಿದ್ಯಾ ಅಂತ ಮೆಲ್ಲಗೆ ಕೇಳಿದೆವು. ಅವನು ಯಜಮಾನರ ಕಡೆ ನೋಡಿ, ಗೇಜಿನ ಪೆಟ್ಟಿಗೆ ಬೀರುವಲ್ಲಿರ್ತದೆ ಅಣ್ಣಾ, ಕೀ ಅವ್ರ ಹತ್ರ ಅಂದ.

ಇಂಜಿನ್ನು ಕೂರಿಸಿ ಆರುನೂರು ಕಿಲೋಮೀಟರ್ ಓಡಿಸುವಷ್ಟರಲ್ಲಿ ಮತ್ತೆ ನೀಲಿ ಹೊಗೆ. ಅಂಗಡಿಯವರು ಮೆಕ್ಯಾನಿಕ್ಕಿನ ಕೂರಿಸೋದು ಸರಿಯಿಲ್ಲ ಅಂದರು. ಮೆಕ್ಯಾನಿಕ್ಕು ಬೋರಿಂಗ್ ಸರಿಯಿಲ್ಲ ಅಂದ. ಪಿಸ್ಟನ್ ಮಾರಿದವರು ಡ್ರೈವರು ಹೊಸ ಇಂಜಿನ್ನನ್ನು ಜೋರಾಗಿ ಎಳೆದಿದಾನೆ ಅಂದರು. ಎತ್ತು ಏರಿಗೆ, ಕೋಣ ನೀರಿಗೆ. ಮೂವರ ಮಾತೂ ಮಾತೇ. ಮೂವರ ಬಳಿಯೂ ಅಂಕಿ ಇಲ್ಲ.

ಕೊನೆಗೆ ಬೇರೊಂದು ಪಟ್ಟಣದ ಸಣ್ಣ ಶೆಡ್ಡಿನಲ್ಲಿ ಒಬ್ಬ ಹಿರಿಯ ಕೆಲಸಗಾರರು ಸಿಕ್ಕಿದರು. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಬೋರ್ ಗೇಜನ್ನು ತೆಗೆದು ಮೈಕ್ರೋಮೀಟರಿಗೆ ಹೊಂದಿಸಿ, 'ಹಿಡಿಯಪ್ಪಾ, ನೀನೇ ಇಳಿಸಿ ನೋಡು' ಅಂತ ನಮ್ಮಣ್ಣನ ಕೈಗೆ ಕೊಟ್ಟರು. ಸಿಲಿಂಡರಿನ ಮೇಲೆ, ನಡುವೆ, ಕೆಳಗೆ, ಪ್ರತಿ ಜಾಗದಲ್ಲೂ ಉದ್ದಕ್ಕೊಂದು, ಅಡ್ಡಕ್ಕೊಂದು. ಒಂದು ಸಿಲಿಂಡರಿಗೆ ಆರು ಅಳತೆ. ಒಂದೊಂದನ್ನೂ ಬ್ಲಾಕಿನ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ಆಮೇಲೆ ಪಿಸ್ಟನ್ ಅಳೆದರು. ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿದರೆ, ಮೂರು ಸಿಲಿಂಡರುಗಳಲ್ಲಿ ಸಂದು ಆರೇಳು ಪಾಲು. ಹೆಚ್ಚುಕಡಿಮೆ ಒಂದು ತಲೆಗೂದಲ ದಪ್ಪ. ಎರಡನೇ ಸಿಲಿಂಡರಿನಲ್ಲಿ ಹದಿನೈದು ಪಾಲು. ಕೊರೆದ ಮೇಲೆ ಗೋಡೆಗೆ ಹೋನಿಂಗ್ ಕಲ್ಲಿನಿಂದ ಹಾಕಬೇಕಾದ ಅಡ್ಡಗೆರೆಗಳೂ ಅಲ್ಲಿ ಸರಿಯಾಗಿ ಬಿದ್ದಿರಲಿಲ್ಲ. ಆ ಗೆರೆಗಳಲ್ಲೇ ಆಯಿಲ್ ನಿಲ್ಲುವುದು. ಅಲ್ಲೇ ರಿಂಗು ಗೋಡೆಗೆ ಹೊಂದಿಕೊಳ್ಳುವುದು.

ತಪ್ಪು ಎಲ್ಲಾಯಿತು ಅಂತ ಅವರು ಬಿಡಿಸಿ ಹೇಳಿದರು. ಮೊದಲು ಪಿಸ್ಟನ್ ತರಿಸಬೇಕು, ಅದನ್ನು ಅಳೆಯಬೇಕು, ಕಂಪನಿ ಹೇಳಿದ ಸಂದನ್ನು ಕೂಡಿಸಬೇಕು, ಆ ಅಳತೆಗೆ ಚೂರು ಕಡಿಮೆ ಕೊರೆದು, ಉಳಿದದ್ದನ್ನು ಹೋನಿಂಗ್‌ನಲ್ಲಿ ತೆಗೆಯಬೇಕು. ಬಟ್ಟೆ ಹೊಲಿಯುವವನು ಮೈ ಅಳೆಯದೆ ಅಂಗಿ ಕತ್ತರಿಸಿದ ಹಾಗೆ ಇಲ್ಲಿ ಕತ್ತರಿಸಿದ್ದರು. ಬಟ್ಟೆಗಾದರೆ ತೇಪೆ ಹಾಕಬಹುದು. ಕೊರೆದ ಕಬ್ಬಿಣ ಮತ್ತೆ ಬರುವುದಿಲ್ಲ. ಒಂದು ಬ್ಲಾಕನ್ನು ಮೂರೋ ನಾಲ್ಕೋ ಸಲ ಕೊರೆಯಬಹುದು, ಆಮೇಲೆ ಸ್ಲೀವ್ ಹಾಕಬೇಕು. ನಮ್ಮ ಇಂಜಿನ್ನಿನ ಒಂದು ಆಯಸ್ಸು ಹೀಗೆ ಪುಕ್ಕಟೆ ಹೋಯಿತು. ನಾಲ್ಕೂ ಸಿಲಿಂಡರುಗಳನ್ನು ಮುಂದಿನ ಸೈಜಿಗೆ ಕೊರೆಸಿ, ಹೊಸ ಪಿಸ್ಟನ್ ಹಾಕಿಸಬೇಕಾಯಿತು. ಈಗ ಆ ವ್ಯಾನು ಓಡುತ್ತಿದೆ.

ಸೀಮೆಸುಣ್ಣದ ಆ ಅಂಕಿಗಳನ್ನು ಕಾಗದಕ್ಕಿಳಿಸಿ, ಆ ಹಿರಿಯರಿಂದ ಸಹಿ ಹಾಕಿಸಿಕೊಂಡು ಮೊದಲ ಅಂಗಡಿಗೆ ಹೋದೆವು. ಯಜಮಾನರು, ಓ, ಓದಿರೋರು, ಲೆಕ್ಕ ತಂದಿದೀರ ಅಂದರು. 'ಬಾ' ಹೋಗಿ ಮತ್ತೆ ಬಹುವಚನ ಬಂದಿತ್ತು. ಬೋರಿಂಗ್ ಕೂಲಿ ವಾಪಸು ಬಂತು. ಪಿಸ್ಟನ್ನಿನ ಹಣ, ನಿಂತ ದಿನಗಳ ದುಡಿಮೆ ಬರಲಿಲ್ಲ. ಅವರ ಮನಸ್ಸು ಬದಲಾಯಿತು ಅಂತ ನಾವು ನಂಬುವುದಿಲ್ಲ. ಕಾಗದದ ಮೇಲೆ ಅಂಕಿ ಇತ್ತು, ಅಷ್ಟೆ.

6

ನಮ್ಮ ಕಡೆ ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಕೊಳಗವನ್ನು 'ಒಂದು' ಅನ್ನುವುದಿಲ್ಲ, 'ಲಾಭ' ಅನ್ನುತ್ತಾರೆ. ಆ ಲಾಭ ಯಾರದು? ಕೊಳಗ ಹಿಡಿದವನದು. ಕೊಯ್ದವನು, ಬಡಿದವನು, ತೂರಿದವನು ಕಣದ ಅಂಚಿನಲ್ಲಿ ಕುಕ್ಕುರುಗಾಲಲ್ಲಿ ಕೂತಿರುತ್ತಿದ್ದ. ಕೊಡುವಾಗ ಕೊಳಗದ ಬಾಯನ್ನು ಅಂಗೈಯಲ್ಲಿ ಸವರಿ ಕೊಡುವುದು, ತೆಗೆದುಕೊಳ್ಳುವಾಗ ಗೋಪುರ ಮಾಡಿ ತೆಗೆದುಕೊಳ್ಳುವುದು. ನಮ್ಮ ತಾತಂದಿರಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೊಳಗ ಮಾತ್ರ ಅವರ ಕೈಯಲ್ಲಿರಲಿಲ್ಲ. ಬೋಲ್ಟನ್-ವಾಟರ ಬೀಗದ ಪೆಟ್ಟಿಗೆ, ಕಣದ ಕೊಳಗ, ಬೋರಿಂಗ್ ಅಂಗಡಿಯ ಬೀರು ಇವು ಮೂರೂ ಒಂದೇ ಮನೆಯ ಸಾಮಾನು.

ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಮಿಷನ್ನಿನ ಮುಂದೆ ನಿಂತಿದ್ದ ಆ ಹುಡುಗ ನಮ್ಮ ಶತ್ರುವಲ್ಲ. ಅವನ ಕೈಗೆ ಕೊರೆಯುವ ಕೆಲಸ ಕೊಟ್ಟು ಅಳೆಯುವ ಸಾಧನ ಕೊಡಲಿಲ್ಲ. ಅಳತೆ ಸಿಗದ ಕೆಲಸಗಾರ, ಅಳತೆ ಸಿಗದ ಗಿರಾಕಿ ಇಬ್ಬರೂ ಒಂದೇ ಬೀಗದ ಈಚೆ ಕಡೆ ನಿಂತಿದ್ದಾರೆ. ಕೆಲಸ ಕೆಟ್ಟರೆ ಬೈಸಿಕೊಳ್ಳುವವನು ಅವನು, ಹಣ ಕಳೆದುಕೊಳ್ಳುವವರು ನಾವು.

ಕಾನೂನು ಏನು ಹೇಳುತ್ತದೆ? ನಮ್ಮ ದೇಶದಲ್ಲಿ 1956ರ ಕಾಯಿದೆಯಿಂದ ಮೆಟ್ರಿಕ್ ತೂಕ-ಅಳತೆ ಬಂತು. ಊರೂರಿಗೊಂದು ಸೇರು, ಧಣಿಗೊಂದು ಕೊಳಗ ಇದ್ದದ್ದು ಕಾಗದದ ಮೇಲಾದರೂ ಹೋಯಿತು. 1986ರಲ್ಲಿ ಗ್ರಾಹಕರ ಸಂರಕ್ಷಣಾ ಕಾಯಿದೆ ಬಂತು. ಅದರ ಜಾಗದಲ್ಲಿ 2019ರ ಹೊಸ ಕಾಯಿದೆ ಬಂದು 2020ರ ಜುಲೈಯಿಂದ ಜಾರಿಯಲ್ಲಿದೆ. ರಿಪೇರಿಯೂ ಸೇವೆಯೇ, ಅದರಲ್ಲಿ ಕೊರತೆಯಾದರೆ ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ನಾವು ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು. ನಿಮ್ಮದು ವ್ಯಾಪಾರದ ಗಾಡಿ, ನೀವು ಗ್ರಾಹಕರೇ ಅಲ್ಲ ಅಂತ ಹೆದರಿಸುವವರಿದ್ದಾರೆ. ಸ್ವಂತ ದುಡಿಮೆಯಿಂದ ಹೊಟ್ಟೆಹೊರೆಯುವುದಕ್ಕಾಗಿಯೇ ಇಟ್ಟುಕೊಂಡದ್ದು ಅಂತಾದರೆ ಅದು ವ್ಯಾಪಾರದ ಉದ್ದೇಶ ಅಲ್ಲ ಅಂತ ಕಾಯಿದೆಯೇ ವಿವರಿಸಿದೆ. ಗಾಡಿ ಓಡಿಸಿ ಬದುಕುವ ನಮ್ಮ ಹುಡುಗರು ಈ ಮಾತನ್ನು ಬಾಯಿಪಾಠ ಮಾಡಬೇಕು. ಆದರೆ ಆಯೋಗದ ಮುಂದೆ ಕಣ್ಣೀರು ಸಾಕ್ಷಿಯಾಗುವುದಿಲ್ಲ, ಅಂಕಿ ಸಾಕ್ಷಿಯಾಗುತ್ತದೆ.

ಆದ್ದರಿಂದ ಹಳ್ಳಿಯ ಮೇಷ್ಟ್ರುಗಳಿಗೆ, ಕಾಲೇಜಿನ ಗೆಳೆಯರಿಗೆ, ಸಂಘದ ಕಾರ್ಯಕರ್ತರಿಗೆ ನಮ್ಮ ಮನವಿ ಇಷ್ಟು. ನಿಮ್ಮ ಊರಿನ ಯಾರದೇ ಇಂಜಿನ್ನು ಬೋರಿಂಗಿಗೆ ಹೋಗಲಿ, ಟ್ರಾಕ್ಟರಾಗಲಿ, ಆಟೋ ಆಗಲಿ, ಜತೆಗೆ ಒಬ್ಬ ಓದುಬರಹ ಬಲ್ಲವನು ಹೋಗಲಿ. ಕೊರೆಯುವ ಮೊದಲು ಆರು ಅಳತೆ ಬರೆಸಿಕೊಳ್ಳಲಿ. ಪಿಸ್ಟನ್ ಮೊದಲು ಬರಲಿ, ಕತ್ತರಿ ಆಮೇಲೆ ಬರಲಿ. ಕೊರೆದ ಮೇಲೆ ಮತ್ತೆ ಆರು ಅಳತೆ ಬಿಲ್ಲಿನ ಮೇಲೆಯೇ ಬರಲಿ, ಅಂಗಡಿಯ ಸಹಿ ಇರಲಿ. ಗೇಜನ್ನು ಒಂದು ಸಲ ನಮ್ಮ ಕೈಗೂ ಕೊಡಿ ಅಂತ ಕೇಳಲಿ. ಶಾಲೆಯಲ್ಲಿ ದಶಮಾಂಶ ಕಲಿಸುವ ಮೇಷ್ಟ್ರು ಒಂದು ಹಳೆಯ ಪಿಸ್ಟನ್ ರಿಂಗನ್ನೂ ಒಂದು ವರ್ನಿಯರನ್ನೂ ಮೇಜಿನ ಮೇಲಿಟ್ಟು ಕಲಿಸಲಿ. 0.07ಕ್ಕೂ 0.15ಕ್ಕೂ ನಡುವಿನ ವ್ಯತ್ಯಾಸ ಒಂದು ಸಂಸಾರದ ಮೂರು ತಿಂಗಳ ದುಡಿಮೆ ಅಂತ ಗೊತ್ತಾದರೆ ಯಾವ ಮಗುವಿಗೆ ದಶಮಾಂಶ ಕಷ್ಟವಾದೀತು?

ಸೋರದ ಚೀಲ ಹೊಲಿದವರ ಮೊಮ್ಮಕ್ಕಳು ನಾವು. ಸಂದನ್ನು ಅರಿಯುವ ವಿದ್ಯೆ ನಮಗೆ ಹೊಸದಲ್ಲ. ಇಷ್ಟು ಕಾಲ ಅಳತೆಯನ್ನು ಬೇರೆಯವರು ಹಿಡಿದುಕೊಂಡು, ಸಿಕ್ಕಿದ್ದೇ ನ್ಯಾಯ ಅಂದುಕೊಳ್ಳಿ ಅಂದರು. ಇನ್ನು ಮೇಲೆ ಬೀರುವಿನ ಬೀಗ ತೆಗೆಯಲಿ. ಅಳತೆ ಮೇಜಿನ ಮೇಲೆ ಬರಲಿ. ಕೊರೆಯುವವನೂ ನೋಡಲಿ, ಕೊರೆಸುವವನೂ ನೋಡಲಿ.